ವಿಂಡೋಸ್ ಹಾಕುವಾಗ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಯಾಕೆ ಕಾಣಿಸುವುದಿಲ್ಲ?

ಹೆಚ್ಚಿನ ಸಲ ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಡಿಸ್ಕ್) ಕೆಟ್ಟಿರುವುದಿಲ್ಲ, ಅದನ್ನು ಗುರುತಿಸಲು ಬೇಕಾದ ಡ್ರೈವರ್ ಎಂಬ ಸಾಫ್ಟ್‌ವೇರ್ ಇರುವುದಿಲ್ಲ ಅಷ್ಟೇ. ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ವಿಂಡೋಸ್‌ಗೆ ನೇರವಾಗಿ ಸಿಗದೆ, ಪ್ರೊಸೆಸರ್‌ನೊಳಗಿನ ವಿಎಂಡಿ ಎಂಬ ಕಂಟ್ರೋಲರ್‌ನ ಹಿಂದೆ ಇರುತ್ತದೆ. ಆ ಕಂಟ್ರೋಲರ್‌ನ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇಲ್ಲದಿದ್ದರೆ ಡಿಸ್ಕ್‌ಗಳ ಪಟ್ಟಿ ಖಾಲಿ.

ಮೊದಲು ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್ ಪರದೆ) ನೋಡಿ. ಅಲ್ಲೂ ಡಿಸ್ಕ್‌ನ ಹೆಸರಿಲ್ಲ ಅಂದರೆ ಅದು ಸಡಿಲವಾಗಿರಬಹುದು ಅಥವಾ ಕೆಟ್ಟಿರಬಹುದು; ಡ್ರೈವರ್ ಹುಡುಕಿ ಫಲವಿಲ್ಲ. ಹೆಸರಿದ್ದರೆ, ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ (ವಿಎಂಡಿಗೆ ಬೇಕಾದದ್ದು ಇದೇ) ಇಳಿಸಿಕೊಂಡು, ಅದನ್ನು ಎಕ್ಸ್‌ಟ್ರ್ಯಾಕ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ (ಫೋಲ್ಡರ್‌ನಲ್ಲಿ ಐಎನ್‌ಎಫ್ ಫೈಲ್ ಇರಬೇಕು, ಬರೀ ಇಎಕ್ಸ್‌ಇ ಸಾಲದು). ಡಿಸ್ಕ್ ಆರಿಸುವ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿ.

ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡುವ ಅಡ್ಡದಾರಿಯೂ ಉಂಟು. ಆದರೆ ಈಗಿರುವ ವಿಂಡೋಸ್ ಉಳಿಸಿಕೊಳ್ಳಬೇಕಿದ್ದರೆ ಅದು ಬೇಡ, ಬೂಟ್ ಆಗದೆ ಹೋಗಬಹುದು.