ಚಿಕ್ಕಬಳ್ಳಾಪುರದಲ್ಲಿ ಕಾರಿನ ಮುಂದಿನ ಗ್ಲಾಸ್ ರಿಪೇರಿ ಕಲಿತರೆ ಜೀವನ ನಡೆಯುತ್ತಾ?

ನಡೆಯುತ್ತೆ. ಐಟಿಐ ಮುಗಿಸಿದ್ದೀರಿ ಅಂತ ಬರೆದಿದ್ದೀರಿ, ಹಾಗಾಗಿ ಕೈ ಸ್ವಲ್ಪ ಪಳಗಿರುತ್ತೆ. ನಾನು ಇದೇ ಊರಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ.

ಇಲ್ಲಿ ಕೆಲಸಕ್ಕೆ ಬರ ಇಲ್ಲ. ಸುತ್ತ ಕ್ರಷರ್‌ಗಳು. ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರ್‌ಗಳು 44ನೇ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಹೋಗುತ್ತಲೇ ಇರುತ್ತವೆ. ಎಷ್ಟೋ ಗಾಡಿಗೆ ಟಾರ್ಪಾಲೇ ಇರಲ್ಲ. ಹಿಂದಿನ ಕಾರಿಗೆ ಒಂದು ಕಲ್ಲು ಸಿಡಿದರೆ ಸಾಕು.

ಮುಂದಿನ ಗ್ಲಾಸ್ ಅಂದ್ರೆ ಎರಡು ಗಾಜು, ನಡುವೆ ಪ್ಲಾಸ್ಟಿಕ್ ಪದರ. ಏಟು ಹೊರಗಿನ ಗಾಜಿಗೆ ಮಾತ್ರ ಬಿದ್ದು, ಗುರುತು ನಾಣ್ಯದಷ್ಟಿದ್ದರೆ ತುಂಬಬಹುದು. ಬಿರುಕಿನ ಒಳಗಿನ ಗಾಳಿ ಎಳೆದು, ರೆಸಿನ್ ಅನ್ನೋ ಅಂಟಿನಂಥ ದ್ರವ ಒತ್ತಿ, ಯುವಿ ಲೈಟ್ ಹಿಡಿದರೆ ಗಟ್ಟಿಯಾಗುತ್ತೆ. ಗಾಳಿ ಇರುವಷ್ಟು ಹೊತ್ತು ಬಿರುಕಿನ ಎಳೆಗಳು ಬೆಳ್ಳಿ ಹಾಗೆ ಹೊಳೆಯುತ್ತವೆ. ರೆಸಿನ್ ಇಳಿದ ಹಾಗೆ ಒಂದೊಂದೇ ಎಳೆ ಮಾಯವಾಗುತ್ತೆ. ನನಗೆ ಈಗಲೂ ಅದನ್ನು ನೋಡೋದೇ ಖುಷಿ. ಆದರೆ ಗುರುತು ಪೂರ್ತಿ ಹೋಗಲ್ಲ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ದುಡ್ಡು ಕೊಡುವಾಗ ಜಗಳ. ಗೆರೆ ಅಂಚಿನವರೆಗೆ ಓಡಿದ್ದರೆ, ಅಥವಾ ಡ್ರೈವರ್ ಕಣ್ಣಿನ ನೇರಕ್ಕಿದ್ದರೆ ಮುಟ್ಟಬೇಡಿ, ಗ್ಲಾಸ್ ಬದಲಾಯಿಸಲು ಹೇಳಿ.

ಬರೀ ತುಂಬುವ ಕೆಲಸ ನಂಬಿಕೊಂಡರೆ ಅಂಗಡಿ ಬಾಡಿಗೆ ಹುಟ್ಟಲ್ಲ. ಫಿಟ್ಟಿಂಗ್, ಅಂದ್ರೆ ಹಳೆ ಗ್ಲಾಸ್ ತೆಗೆದು ಹೊಸದು ಕೂರಿಸೋದು ಕಲಿಯಿರಿ, ನಿಜವಾದ ಕಸುಬು ಅದು. ತಂತಿ ಹಾಕಿ ಹಳೆ ಅಂಟು ಕೊಯ್ಯುವಾಗ ಪೇಂಟ್ ಗೀರಿದರೆ ಅಲ್ಲೇ ತುಕ್ಕು ಶುರು. ಪ್ರೈಮರ್ ಹಚ್ಚದೆ ಮುಂದಕ್ಕೆ ಹೋಗಬೇಡಿ. ಪಾಲಿಯುರೆಥೇನ್ ಅಂಟನ್ನು ಸುತ್ತಲೂ ಎಲ್ಲೂ ತುಂಡಾಗದ ಹಾಗೆ ಬಿಡಬೇಕು. ಒಂದು ಕಡೆ ತುಂಡಾದರೂ ಮಳೆಗಾಲದಲ್ಲಿ ಕಾರು ವಾಪಸ್ ಬರುತ್ತೆ. ನೀರು ಸೋರೋದು ಸಣ್ಣ ಮಾತು. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬಿದಾಗ ಅದಕ್ಕೆ ಆಸರೆ ಕೊಡೋದೇ ಈ ಗ್ಲಾಸ್. ಅಂಟು ಒಣಗಿರದಿದ್ದರೆ ಗ್ಲಾಸೇ ಕಿತ್ತು ಹೋಗಬಹುದು.

"ಅಣ್ಣಾ, ಬೇಗ ಕೊಡಿ, ಏರ್‌ಪೋರ್ಟ್ ಟ್ರಿಪ್ ಇದೆ" ಅಂತ ಟ್ಯಾಕ್ಸಿಯವರು ಪ್ರಾಣ ತಿನ್ನುತ್ತಾರೆ. ಅಂಟಿನ ಕಂಪನಿ ಹೇಳಿದಷ್ಟು ಹೊತ್ತು ಆಗದೆ ಕೀ ಕೊಡಬೇಡಿ. ಆಮೇಲೂ ಒಂದು ದಿನ ಒಂದು ಕಿಟಕಿ ಸ್ವಲ್ಪ ಇಳಿಸಿಯೇ ಡೋರ್ ಹಾಕಲು ಹೇಳಿ. ಎಲ್ಲ ಮುಚ್ಚಿಕೊಂಡು ಜೋರಾಗಿ ಹಾಕಿದರೆ ಒಳಗಿನ ಗಾಳಿ ಹೊಸ ಗ್ಲಾಸನ್ನು ತಳ್ಳುತ್ತೆ.

ಇನ್ಶೂರೆನ್ಸ್ ವಿಷಯವೂ ಸ್ವಲ್ಪ ತಿಳಿದಿರಲಿ. ಫುಲ್ ಪಾಲಿಸಿ ಇದ್ದರೆ ಗಾಜಿಗೆ ಸವಕಳಿ ಕಡಿತ, ಅಂದ್ರೆ ಹಳೆಯದಾಗಿದೆ ಅಂತ ದುಡ್ಡು ಕಡಿಯೋದು ಇರಲ್ಲ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ ಹೋಗಬಹುದು. ಸಣ್ಣ ಕಾರಿನವರು ಲೆಕ್ಕ ಹಾಕಿ ಕೈಯಿಂದಲೇ ಕೊಡೋದು ಜಾಸ್ತಿ.

ಗ್ಲಾಸ್ ಹಿಂದೆ, ರಸ್ತೆ ನೋಡಿ ಡ್ರೈವರ್‌ಗೆ ನೆರವಾಗುವ ಕಂಪನಿ ಕ್ಯಾಮೆರಾ ಇರುವ ಹೊಸ ಕಾರುಗಳನ್ನು ಸದ್ಯಕ್ಕೆ ಒಪ್ಪಿಕೊಳ್ಳಬೇಡಿ, ಕ್ಯಾಮೆರಾ ಮತ್ತೆ ಹೊಂದಿಸುವ ಸಲಕರಣೆ ಬೇಕಾಗುತ್ತೆ. ಮೊದಲು ಯಾರದಾದರೂ ಅಂಗಡಿಗೆ ಸೇರಿ, ಅಂಟಿನ ಬದಲು ರಬ್ಬರ್ ಬೀಡಿಂಗ್ (ಗ್ಲಾಸ್ ಹಿಡಿದಿಡುವ ಸುತ್ತಲಿನ ರಬ್ಬರ್ ಪಟ್ಟಿ) ಇರುವ ಹಳೆ ಲಾರಿಗಳಲ್ಲಿ ಕೈ ಕುದುರಿಸಿಕೊಳ್ಳಿ. ಅಂಗಡಿ ಹಾಕೋ ಮಾತು ಆಮೇಲೆ.