ದಿನಕ್ಕೊಂದು ಚಿತ್ರ: ಕೊಪ್ಪದ ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕ, ನಮಸ್ಕಾರ. ಜನವರಿ ಒಂದರಿಂದ ದಿನಕ್ಕೊಂದು ಚಿತ್ರ ತೆಗೆಯಲು ಹೊರಟೆ, ಶಿವರಾತ್ರಿಯ ಹೊತ್ತಿಗೆ ನಿಂತುಹೋಯಿತು, ಎಲ್ಲವೂ ಒಂದೇ ತರಹ ಕಾಣತೊಡಗಿತು ಎಂದು ಬರೆದಿದ್ದೀರಿ. ಒಳ್ಳೆಯ ಕ್ಯಾಮೆರಾ ಕೊಂಡರೆ ಮತ್ತೆ ಹುರುಪು ಬರಬಹುದೇ, ಮಳೆಗಾಲದಲ್ಲಿ ಏನು ಮಾಡುವುದು, ಇಷ್ಟೊಂದು ಚಿತ್ರಗಳನ್ನು ಎಲ್ಲಿ ಇಡುವುದು, ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಹಾಕಬಹುದೇ ಎಂದೂ ಕೇಳಿದ್ದೀರಿ. ಈ ಹವ್ಯಾಸ ನನಗೆ ಬಹಳ ಪ್ರೀತಿಯದ್ದು, ಹಾಗಾಗಿ ಉತ್ತರ ಉದ್ದವಾಗುತ್ತದೆ. ಬಿಡುವು ಮಾಡಿಕೊಂಡು ಓದಿ.

ಮೊದಲು ಕ್ಯಾಮೆರಾ ವಿಷಯ ಮುಗಿಸಿಬಿಡುತ್ತೇನೆ. ಕೊಳ್ಳಬೇಡಿ. ಸ್ಟುಡಿಯೋದವರು ಕೊಡುವ 4×6 ಅಂಗುಲದ ಪ್ರಿಂಟ್ ಚೊಕ್ಕವಾಗಿ ಬರಲು 1200×1800 ಪಿಕ್ಸೆಲ್ ಇದ್ದರೆ ಸಾಕು, ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ನಿಮ್ಮ ಹಳೆಯ ಮೊಬೈಲಿನಲ್ಲಿ 13 ಮೆಗಾಪಿಕ್ಸೆಲ್ ಇದೆ ಎಂದಿದ್ದೀರಿ. ಯಥೇಚ್ಛವಾಯಿತು. ಚಿತ್ರ ಮಸುಕಾಗಿ ಬರುತ್ತಿದ್ದರೆ ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಕೂತಿರುತ್ತದೆ. ಹಳೆಯ ಹತ್ತಿ ಪಂಚೆಯ ತುಂಡಿನಿಂದ ದಿನವೂ ಒಮ್ಮೆ ಒರೆಸಿ, ಅರ್ಧ ತೊಂದರೆ ಅಲ್ಲಿಗೇ ನೀಗುತ್ತದೆ.

ನಿಂತುಹೋದದ್ದಕ್ಕೆ ಕಾರಣ ಬೇರೆ ಎಂದು ನನಗೆ ಅನಿಸುತ್ತದೆ. ದಿನವೂ ಹೊಸದೊಂದು ಚೆಂದದ ದೃಶ್ಯ ಹುಡುಕಲು ಹೊರಟಿರಿ. ಜನವರಿ, ಫೆಬ್ರವರಿ ಎಂದರೆ ನಮ್ಮ ಕಡೆ ಕಾಫಿ ಕೊಯ್ಲಿನ ಕೊನೆ, ಅಡಿಕೆ ಕೆಲಸದ ಕೊನೆ. ಆಳುಗಳ ಊಟ, ಕಣ, ಲೆಕ್ಕ ಇವುಗಳ ನಡುವೆ ಹೂವಿನ ಮೇಲೆ ಕೂತ ಚಿಟ್ಟೆಯನ್ನು ಹುಡುಕಿಕೊಂಡು ಹೋಗುವ ತ್ರಾಣ ಯಾರಿಗೆ ಉಳಿದಿರುತ್ತದೆ? ಹುಡುಕುವ ಕೆಲಸವನ್ನೇ ತೆಗೆದುಹಾಕಿ. ಒಂದು ಜಾಗ, ಒಂದು ಹೊತ್ತು, ಒಂದು ಚೌಕಟ್ಟು. ವರ್ಷವಿಡೀ ಅದೇ. ಎಲ್ಲವೂ ಒಂದೇ ತರಹ ಕಾಣುತ್ತದೆ ಎಂಬ ನಿಮ್ಮ ದೂರನ್ನೇ ನಿಯಮ ಮಾಡಿಕೊಳ್ಳಿ ಎನ್ನುತ್ತಿದ್ದೇನೆ. ನಿನ್ನೆಯದನ್ನೂ ಇಂದಿನದನ್ನೂ ಒಟ್ಟಿಗೆ ಇಟ್ಟರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಮೃಗಶಿರ ಮಳೆಯ ದಿನದ್ದನ್ನೂ ದೀಪಾವಳಿಯದ್ದನ್ನೂ ಪಕ್ಕದಲ್ಲಿಟ್ಟರೆ ಅದು ನಿಮ್ಮದೇ ಮನೆಯೇ ಎಂದು ಕೇಳುವಂತಿರುತ್ತದೆ.

ಬೇರೆ ದಾರಿಯಲ್ಲಿ ನಡೆದು ಗೆದ್ದವರೂ ಇದ್ದಾರೆ. ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಂದು ದಿನಕ್ಕೊಂದು ಪೋಲರಾಯ್ಡ್ ಚಿತ್ರ ತೆಗೆಯಲು ಆರಂಭಿಸಿ, 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವ ತನಕ ಮುಂದುವರಿಸಿದರು. ಗೆಳೆಯರು, ಊಟದ ಮೇಜು, ಬೀದಿ, ಕೊನೆಗೆ ಆಸ್ಪತ್ರೆ, ಹೀಗೆ ಆ ದಿನ ಕಣ್ಣೆದುರು ಏನಿತ್ತೋ ಅದು. ಬಾಸ್ಟನ್ನಿನ ಕಾರ್ಲ್ ಬೇಡನ್ 1987ರ ಫೆಬ್ರವರಿಯಿಂದ ದಿನವೂ ತಮ್ಮ ಮುಖವನ್ನೇ ಒಂದೇ ರೀತಿಯಲ್ಲಿ ತೆಗೆಯುತ್ತಾ ಬಂದರು. ಎರಡನ್ನೂ ನೋಡಿ ನನಗೆ ಕಂಡದ್ದು ಇಷ್ಟು: ಇಬ್ಬರಿಗೂ ಕಟ್ಟುಪಾಡು ಇತ್ತು. ಒಬ್ಬರಿಗೆ ದಿನಕ್ಕೆ ಒಂದೇ ಹಾಳೆ, ಇನ್ನೊಬ್ಬರಿಗೆ ಒಂದೇ ಮುಖ. ತೋಟ ಇರುವ ನಮ್ಮಂಥವರಿಗೆ ಎರಡನೆಯ ದಾರಿ ಹೆಚ್ಚು ಹೊಂದುತ್ತದೆ, ಏಕೆಂದರೆ ನಮ್ಮೆದುರು ಬದಲಾಗುತ್ತಾ ಹೋಗುವ ವಸ್ತು ತಾನಾಗಿ ನಿಂತಿದೆ.

ಜಾಗದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ಜಗಲಿಯಿಂದ ಕಣವೂ ಅದರಾಚೆ ತೋಟದ ಅಂಚೂ ಕಾಣುತ್ತದೆ ಎಂದರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಮಳೆ ಬಂದರೂ ನೆನೆಯದೆ ನಿಲ್ಲಬಹುದು, ಅದು ಮೊದಲ ಲಾಭ. ಎರಡನೆಯದು, ಮಲೆನಾಡಿನ ಮನೆಯ ವರ್ಷವೆಲ್ಲ ಕಣದಲ್ಲೇ ನಡೆಯುತ್ತದೆ. ಜೂನ್‌ಗೆ ಮುಂಚೆ ತರಗೆಲೆ, ಸೌದೆ ಒಳಸೇರುವುದು. ಆಮೇಲೆ ಹಾವಸೆ ಹಿಡಿದು ಹಸಿರಾಗುವುದು, ಜಾರದಿರಲಿ ಎಂದು ಅಡಿಕೆ ದಬ್ಬೆಯೋ ಸೋಗೆಯೋ ಹಾಸುವುದು. ಭೂಮಿ ಹುಣ್ಣಿಮೆ ಕಳೆದ ಮೇಲೆ ಕೆರೆದು ಸಾರಿಸುವುದು, ಚಪ್ಪರ ಏಳುವುದು, ಚೊಗರಿನ (ಅಡಿಕೆ ಬೇಯಿಸಿದ ಕಂದು ನೀರಿನ) ಬಣ್ಣ ಹೊತ್ತ ಅಡಿಕೆ ಹರಡುವುದು, ಅದರ ಬೆನ್ನಿಗೆ ಕಾಫಿ ಹಣ್ಣು ಕೆಂಪಗೆ ಬಂದು ಬಿದ್ದು ದಿನದಿಂದ ದಿನಕ್ಕೆ ಕಪ್ಪಾಗುವುದು. ನೀವು ಏನೂ ಹುಡುಕದೆಯೇ ಇವೆಲ್ಲ ಚೌಕಟ್ಟಿನೊಳಗೆ ಬಂದು ಹೋಗುತ್ತವೆ.

ಚೌಕಟ್ಟು ಕದಲದಂತೆ ನೋಡಿಕೊಳ್ಳುವುದು ಈ ಕೆಲಸದ ಜೀವಾಳ. ಜಗಲಿಯ ಕಂಬವೊಂದನ್ನು ಆರಿಸಿ, ಎದೆಯ ಮಟ್ಟದಲ್ಲಿ ಎರಡು ಮೊಳೆ ಅಡ್ಡಡ್ಡ ಹೊಡೆಯಿರಿ; ಮೊಬೈಲಿನ ಕೆಳ ಅಂಚು ಅವುಗಳ ಮೇಲೆ ಕೂರಬೇಕು, ಬೆನ್ನು ಕಂಬದ ಬದಿಗೆ ಒರಗಬೇಕು. ಮರಕ್ಕೆ ಮೊಳೆ ಹೊಡೆಯಲು ಮನಸ್ಸಿಲ್ಲದಿದ್ದರೆ ಸಣ್ಣ ಪಟ್ಟಿಯೊಂದನ್ನು ಹಗ್ಗದಿಂದ ಬಿಗಿದರೂ ಆಗುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಳ್ಳಿ. ಕಣದ ಆಚೆ ಬದಿಯ ಕಟ್ಟೆಯನ್ನು ಕೆಳಗಿನ ಅಡ್ಡ ಗೆರೆಗೆ, ಯಾವುದಾದರೂ ಒಂದು ಮರದ ಬೊಡ್ಡೆಯನ್ನು ಎಡಗಡೆಯ ಉದ್ದ ಗೆರೆಗೆ ಹೊಂದಿಸಿ. ಆ ಮರ ಇನ್ನೂ ಹತ್ತು ವರ್ಷ ಉಳಿಯುವಂಥದ್ದಾಗಿರಲಿ. ಕಡಿಯಲು ಗುರುತು ಹಾಕಿದ ಸಿಲ್ವರ್ ಓಕ್ ಬೇಡ. ಮೊಬೈಲನ್ನು ಅಡ್ಡಲಾಗಿಯೇ ಹಿಡಿಯಿರಿ. 1× ಎಂದು ತೋರಿಸುವ ಲೆನ್ಸಿನಲ್ಲೇ ತೆಗೆಯಿರಿ, ಜೂಮ್ ಮಾಡಬೇಡಿ. ಬಣ್ಣ ಮಾರ್ಪಡಿಸುವ ಫಿಲ್ಟರುಗಳನ್ನೆಲ್ಲ ಆಫ್ ಮಾಡಿಬಿಡಿ. ಆಷಾಢದ ಬೂದು ಬೆಳಕು ಬೂದಾಗಿಯೇ ಬರಲಿ, ಅದು ಆ ದಿನದ ಸತ್ಯ. ಪರದೆಯ ಮೇಲೆ ದೂರದ ಮರವೊಂದನ್ನು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲುಗಳಲ್ಲಿ ಫೋಕಸೂ ಬೆಳಕೂ ಅಲ್ಲಿಗೆ ನಿಲ್ಲುತ್ತವೆ; ಹತ್ತಿರದ ಮಳೆ ಹನಿಗೆ ಫೋಕಸ್ ಹೋಗಿ ತೋಟ ಮಂಕಾಗುವುದು ಇದರಿಂದ ತಪ್ಪುತ್ತದೆ.

ಇಷ್ಟು ಮಾಡಿದರೆ ಇನ್ನೊಂದು ಅನುಕೂಲವಿದೆ. ನೀವು ತವರಿಗೆ ಹೋದ ದಿನ ಮನೆಯಲ್ಲಿರುವ ಯಾರಾದರೂ ಮೊಳೆಯ ಮೇಲೆ ಮೊಬೈಲ್ ಇಟ್ಟು ಗುಂಡಿ ಒತ್ತಬಹುದು. ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ.

ಹೊತ್ತು ಯಾವುದು? ನೀವು ಬೆಳಿಗ್ಗೆ ಏಳು ಎಂದು ಇಟ್ಟುಕೊಂಡಿದ್ದಿರಿ. ನಾನಾಗಿದ್ದರೆ ಎಂಟೂವರೆ ಇಡುತ್ತೇನೆ. ನಿಮ್ಮ ಕಡೆ ಜೂನ್ ಮೊದಲ ವಾರ ಸೂರ್ಯ ಹುಟ್ಟುವುದು ಆರರ ಆಸುಪಾಸಿಗೆ, ಜನವರಿ ಕೊನೆಯಲ್ಲಿ ಏಳಕ್ಕೆ ಸಮೀಪ. ಏಳು ಗಂಟೆಯ ಚಿತ್ರವೆಂದರೆ ವರ್ಷದ ಒಂದು ತುದಿಯಲ್ಲಿ ಬೆಳಕು ಹರಿದು ತಾಸಾಗಿರುತ್ತದೆ, ಇನ್ನೊಂದು ತುದಿಯಲ್ಲಿ ಸೂರ್ಯ ಗುಡ್ಡದ ಹಿಂದೆಯೇ ಇರುತ್ತಾನೆ. ಎಂಟೂವರೆಗೆ ಆ ಏರುಪೇರು ಕಡಿಮೆ. ಒಂಬತ್ತೂವರೆ ದಾಟಿದರೆ ತೋಟದೊಳಗೆ ಬಿಸಿಲಿನ ಬಿಳಿ ಚುಕ್ಕೆಗಳೂ ಕಪ್ಪು ನೆರಳೂ ಸೇರಿ ಎಲೆಯ ಬಣ್ಣವೇ ಕಾಣದಂತಾಗುತ್ತದೆ. ಐದು ಹತ್ತು ನಿಮಿಷ ಹಿಂದೆ ಮುಂದೆ ಆದರೆ ತೊಂದರೆಯಿಲ್ಲ. ದೋಸೆ ಹೊಯ್ಯುವುದು ಮುಗಿದ ಕೂಡಲೇ ಎಂಬಂತೆ ಯಾವುದಾದರೂ ನಿತ್ಯದ ಕೆಲಸದ ಬಾಲಕ್ಕೆ ಕಟ್ಟಿಬಿಡಿ, ಮರೆಯುವುದಿಲ್ಲ.

ಬಿಸಿಲಿನ ವಿಷಯದಲ್ಲಿ ನೋಡಲೇಬೇಕಾದ್ದು ಒಂದಿದೆ. ಜೂನ್ 21ರ ಸುಮಾರಿಗೆ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ, ಡಿಸೆಂಬರ್ 22ರ ಸುಮಾರಿಗೆ ಅಷ್ಟೇ ದಕ್ಷಿಣಕ್ಕೆ. ಕಂಬದ ನೆರಳು ಕಣದ ಮೇಲೆ ವರ್ಷವಿಡೀ ತಿರುಗುವುದನ್ನು ನಿಮ್ಮ ಚಿತ್ರಗಳೇ ತೋರಿಸುತ್ತವೆ. ಕಾಫಿ ಒಣಗಿಸಲು ಕಣದ ಯಾವ ಮೂಲೆಗೆ ಬಿಸಿಲು ಮೊದಲು ಬೀಳುತ್ತದೆ, ಯಾವ ಮರದ ನೆರಳು ಅಡ್ಡ ಬರುತ್ತದೆ ಎಂಬುದಕ್ಕೂ ಇದೇ ಸಾಕ್ಷಿ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿಸುವಾಗಲೂ ನಾನು ಹಿಂದಿನ ವರ್ಷದ ಚಿತ್ರ ತೆಗೆದು ನೋಡುತ್ತೇನೆ. ಯಾವ ಕೊಂಬೆ ತೆಗೆದಿದ್ದೆವು, ಎಷ್ಟು ತಿಂಗಳಲ್ಲಿ ಮತ್ತೆ ಮುಚ್ಚಿಕೊಂಡಿತು ಎಂಬುದು ಬಾಯಿಮಾತಿಗಿಂತ ಅಲ್ಲಿ ಸ್ಪಷ್ಟ.

ಅದೇ ಚೌಕಟ್ಟು ಬೇಸರ ತಂದರೆ ಎರಡನೆಯ ಚಿತ್ರವೊಂದನ್ನು ಸೇರಿಸಿಕೊಳ್ಳಿ, ಆದರೆ ಅದೂ ಒಂದೇ ರೆಂಬೆಯದ್ದಾಗಿರಲಿ. ಮುಂದಿನ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಬೇಸಗೆಯ ಮಳೆ) ಬಿದ್ದ ದಿನವೇ ಒಂದು ಕಾಫಿ ರೆಂಬೆಗೆ ಕೆಂಪು ದಾರ ಕಟ್ಟಿ. ಬೇಸಗೆಯಲ್ಲಿ ಗಿಣ್ಣುಗಳಲ್ಲಿ ಹಸಿರಾಗಿ, ಗಟ್ಟಿಯಾಗಿ ಮಲಗಿದ್ದ ಮೊಗ್ಗುಗಳು ಇಂಚು ಮಳೆ ಕುಡಿದ ಮೇಲೆ ಎರಡು ಮೂರು ದಿನ ಏನೂ ಆಗದವರಂತೆ ಇರುತ್ತವೆ. ಆಮೇಲೆ ಉಬ್ಬಲು ತೊಡಗುತ್ತವೆ. ಹಸಿರು ತಿಳಿಯಾಗುತ್ತದೆ, ಮೊಗ್ಗು ಉದ್ದವಾಗುತ್ತದೆ, ಹಿಂದಿನ ಸಂಜೆ ಸಣ್ಣ ಮೇಣದ ಬತ್ತಿಗಳ ಹಾಗೆ ಬೆಳ್ಳಗೆ ನೆಟ್ಟಗೆ ನಿಲ್ಲುತ್ತವೆ. ಮಳೆಯಾಗಿ ಎಂಟರಿಂದ ಹತ್ತು ದಿನದೊಳಗೆ ಒಂದು ಬೆಳಿಗ್ಗೆ ಎಲ್ಲ ಒಟ್ಟಿಗೆ ಅರಳುತ್ತವೆ. ರೋಬಸ್ಟಾ ಸ್ವಲ್ಪ ಮುಂಚೆ, ಅರೇಬಿಕಾ ಸ್ವಲ್ಪ ತಡ. ಎರಡು ಮೂರು ದಿನಕ್ಕೆ ದಳ ಕಂದಾಗಿ ಉದುರುತ್ತದೆ. ಈ ಹದಿನೈದು ದಿನವನ್ನು ದಿನಕ್ಕೊಂದರಂತೆ ಹಿಡಿದವರಿಗೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಮಳೆಗೆ ಎಷ್ಟು ಹೂ ಬಂತು, ಎಲ್ಲಿ ಮೊಗ್ಗು ಅರ್ಧಕ್ಕೇ ಮುದುಡಿತು ಎಂಬುದು ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತದೆ. ಅಡಿಕೆಯಲ್ಲಾದರೆ ಹಾಳೆ ಬಿದ್ದ ದಿನದಿಂದ ಹೊಂಬಾಳೆ ಬಿರಿದು ಹಿಂಗಾರ (ಹೂಗೊಂಚಲು) ಹರಡಿಕೊಳ್ಳುವ ತನಕ ಹಿಡಿಯಬಹುದು, ಗಿಡ್ಡ ಮರವೊಂದನ್ನು ಆರಿಸಿಕೊಳ್ಳಿ.

ಮುನ್ನೂರ ಅರವತ್ತೈದು ಎಂದರೆ ಎದೆ ಝಲ್ಲೆನ್ನುತ್ತದೆ ಎಂದಿದ್ದೀರಿ. ತಿಂಗಳ ಲೆಕ್ಕ ಬಿಟ್ಟು ಮಳೆ ನಕ್ಷತ್ರದ ಲೆಕ್ಕ ಹಿಡಿಯಿರಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಇಪ್ಪತ್ತೇಳು ನಕ್ಷತ್ರ ಸೇರಿದರೆ ವರ್ಷ. ಮೃಗಶಿರ ಜೂನ್ 8ರ ಸುಮಾರಿಗೆ, ಆರ್ದ್ರೆ 22ರ ಸುಮಾರಿಗೆ, ಪುನರ್ವಸು ಜುಲೈ 6ರ ಸುಮಾರಿಗೆ ಬರುತ್ತದೆ. ಪಂಚಾಂಗದಲ್ಲಿ ಗಳಿಗೆಯ ಸಮೇತ ಇರುತ್ತದೆ. ಒಂದೊಂದು ಮಳೆಗೆ ಒಂದೊಂದು ಕಡತ ಮಾಡಿ. ಈ ಆರ್ದ್ರೆ ಮುಗಿಸೋಣ ಎಂದುಕೊಂಡರೆ ಹದಿನಾಲ್ಕು ದಿನದ ಕೆಲಸ, ಯಾರಿಗೂ ಆಗುತ್ತದೆ. ಮನೆಯಲ್ಲಿ ಮಳೆಮಾಪಕ ಇರುವುದರಿಂದ ಆ ದಿನದ ಅಳತೆಯನ್ನೂ ಒಂದು ಸಾಲು ಕೆಲಸದ ವಿವರವನ್ನೂ ಡೈರಿಯಲ್ಲಿ ಬರೆದಿಡಿ. ಬೋರ್ಡೋ ದ್ರಾವಣ ಹೊಡೆದ ದಿನ, ಮಳೆ ಬಿಟ್ಟು ಹೊಳವಾಗಿದ್ದ ದಿನ, ಕೊಳೆರೋಗ ಮೊದಲು ಕಂಡ ದಿನ. ಚಿತ್ರ ಹೇಳದ್ದನ್ನು ಆ ಸಾಲು ಹೇಳುತ್ತದೆ.

ಮಳೆಗಾಲದಲ್ಲಿ ಮೊಬೈಲಿಗಿಂತ ದೊಡ್ಡ ಕ್ಯಾಮೆರಾಗಳಿಗೆ ಹೆಚ್ಚು ಅಪಾಯ. ಲೆನ್ಸಿಗೆ ಬೂಷ್ಟು ಹಿಡಿದರೆ ಬಿಡಿಸುವುದು ಕಷ್ಟ. ಗುಂಪಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ತೋರಿಸುವ ಜೆಲ್ ಸಿಕ್ಕರೆ ಒಳ್ಳೆಯದು, ಬಣ್ಣ ತಿರುಗಿತೆಂದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಬಳಸಬಹುದು. ನೀವು ಒಲೆಯ ಹತ್ತಿರದಿಂದ ಮೊಬೈಲ್ ತೆಗೆದುಕೊಂಡು ಕೂಡಲೇ ಹೊರಗೆ ಹಿಡಿದು ಚಿತ್ರ ಹಬೆಯಾಡಿದಂತೆ ಬಂದರೆ ಎರಡು ನಿಮಿಷ ಜಗಲಿಯಲ್ಲಿಟ್ಟು ಒರೆಸಿ ತೆಗೆಯಿರಿ. ಕರೆಂಟಿಲ್ಲದ ದಿನಗಳಿಗೆ ಪವರ್ ಬ್ಯಾಂಕ್ ತುಂಬಿಟ್ಟುಕೊಳ್ಳಿ.

ತಪ್ಪಿಹೋದ ದಿನ? ಖಾಲಿ ಬಿಡಿ. ಮಾರನೆಯ ದಿನ ಎರಡು ತೆಗೆದು ಒಂದಕ್ಕೆ ಹಿಂದಿನ ತಾರೀಕು ಹಾಕಬೇಡಿ. ಮುಂದೆ ಯಾವತ್ತೋ ಮಳೆಯ ಲೆಕ್ಕಕ್ಕೆ ಚಿತ್ರವನ್ನು ನಂಬಬೇಕಾದಾಗ ಆ ಒಂದು ಸುಳ್ಳು ಉಳಿದವುಗಳ ಮೇಲೂ ಅನುಮಾನ ತರುತ್ತದೆ.

ಇಡುವುದು ಎಲ್ಲಿ ಎಂಬುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಒಂದು ಚಿತ್ರ ಸುಮಾರು ನಾಲ್ಕು ಎಂಬಿ ಎಂದುಕೊಂಡರೂ ವರ್ಷಕ್ಕೆ ಒಂದೂವರೆ ಜಿಬಿ ಆಗುತ್ತದೆ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿಯಲ್ಲೂ ಹಿಡಿಸುತ್ತದೆ, ಆದರೆ ಆ ಜಾಗ ಮೇಲ್‌ಗೂ ಸೇರಿ ಎಂಬುದು ನೆನಪಿರಲಿ. ಜೊತೆಗೆ ಪೆನ್‌ಡ್ರೈವ್ ಒಂದರಲ್ಲಿ ಪ್ರತಿ, ಇನ್ನೊಂದು ಪ್ರತಿ ಬೆಂಗಳೂರಿನಲ್ಲಿರುವ ಮಗಳ ಹತ್ತಿರ. ಏಪ್ರಿಲ್, ಮೇ ಸಿಡಿಲಿಗೆ ಕಂಪ್ಯೂಟರ್ ಸುಡುವುದು ನಮ್ಮ ಕಡೆ ಹೊಸದಲ್ಲವಾದ್ದರಿಂದ ಒಂದೇ ಕಡೆ ಇಡಬೇಡಿ. ಹೆಸರನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಕೊಡಿ, 2026-06-22 ಎಂಬಂತೆ. ಆಗ ಕಂಪ್ಯೂಟರ್ ತಾನಾಗಿ ಸಾಲಾಗಿ ಜೋಡಿಸುತ್ತದೆ. ವರ್ಷದ ಕೊನೆಗೆ ಸೆಕೆಂಡಿಗೆ ಹತ್ತು ಚಿತ್ರದಂತೆ ಓಡಿಸಿದರೆ ಮೂವತ್ತಾರು ಸೆಕೆಂಡಿನ ವಿಡಿಯೋ ಆಗುತ್ತದೆ. ಮೊಳೆಯ ಮೇಲೆ ಇಟ್ಟು ತೆಗೆದದ್ದರ ಬೆಲೆ ಅಲ್ಲಿ ತಿಳಿಯುತ್ತದೆ, ಮನೆ ಅಲುಗದೆ ತೋಟ ಮಾತ್ರ ಉಸಿರಾಡುತ್ತದೆ.

ಗುಂಪಿನಲ್ಲಿ ದಿನವೂ ಹಾಕುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಮೆಚ್ಚುಗೆ ಎಷ್ಟು ಬಂತು ಎಂದು ನೋಡಲು ತೊಡಗಿದರೆ ಮತ್ತೆ ಚೆಂದದ ದೃಶ್ಯ ಹುಡುಕುವ ಚಟಕ್ಕೆ ಬೀಳುತ್ತೇವೆ. ನಕ್ಷತ್ರ ಬದಲಾದಾಗ ಮೊದಲ ದಿನದ್ದೂ ಕೊನೆಯ ದಿನದ್ದೂ ಎರಡು ಹಾಕಿ, ಮಳೆಯ ಅಳತೆಯ ಸಮೇತ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿರುವ ತಾರೀಕಿನ ಮಾಹಿತಿಯೂ ಅಳಿಯುತ್ತದೆ. ಮಗಳಿಗೆ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿ. ಹಾಗೆ ಕಳುಹಿಸಿದರೆ ಮನೆಯ ಜಾಗದ ಗುರುತೂ ಜೊತೆಗೇ ಹೋಗುತ್ತದೆ, ಆದ್ದರಿಂದ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಟ್ಟಿರಿ.

ಮುಂದಿನ ಜನವರಿಗೆ ಕಾಯಬೇಡಿ. ನಾಳೆ ಮೊಳೆ ಹೊಡೆದು, ಮೊದಲ ವಾರದ ಚಿತ್ರಗಳನ್ನು ನನಗೆ ಕಳುಹಿಸಿ. ಚೌಕಟ್ಟಿನಲ್ಲಿ ಆಕಾಶ ಹೆಚ್ಚಾಗಿದೆಯೋ ಕಣ ಹೆಚ್ಚಾಗಿದೆಯೋ ನೋಡಿ ಹೇಳುತ್ತೇನೆ. ತಿದ್ದುವುದಿದ್ದರೆ ಆ ವಾರದೊಳಗೇ ತಿದ್ದಿಬಿಡಬೇಕು, ಆಮೇಲೆ ಮೊಳೆ ಕೀಳಬಾರದು.