ಅಣ್ಣನಿಗೆ ಹೇಳದೆ ಕೊಂಡ ಟಿಕೆಟ್

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವಳು ತುಮಕೂರಿನ ಹುಡುಗಿ, ವಯಸ್ಸು 23. ಪಿಯಾನೋ ಕಛೇರಿಯೊಂದಕ್ಕೆ ಹೋಗಬೇಕೋ ಬೇಡವೋ ಎಂಬುದು ಅವಳ ಪ್ರಶ್ನೆ. ಅಣ್ಣ ತಂಗಿ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಪ್ರತಿ ಭಾನುವಾರ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಪಿಯಾನೋ ಕಲಿತು ಬರುತ್ತಾಳೆ. ಮನೆಯಲ್ಲಿರುವುದು ಡಿಜಿಟಲ್ ಪಿಯಾನೋ. ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಾಳೆ. ಪಕ್ಕದ ಕೋಣೆಯಲ್ಲಿ ಅಣ್ಣ ಇರುತ್ತಾನಲ್ಲ, ಅದಕ್ಕೆ.

ಅವನು ಯುಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಗ ರಷ್ಯಾ ಯುದ್ಧ ಶುರು ಮಾಡಿತು. 2022ರ ಮಾರ್ಚ್ 1ರಂದು ನಮ್ಮ ಹಾವೇರಿಯ ಹುಡುಗ ಅಲ್ಲಿ ಶೆಲ್ ದಾಳಿಗೆ ಬಲಿಯಾದ. ಮಾರನೇ ದಿನ, ಕೂಡಲೇ ಊರು ಬಿಡಿ ಎಂದು ರಾಯಭಾರ ಕಚೇರಿ ಹೇಳಿದಾಗ, ಇವನು ನಡೆದೇ ಹತ್ತಿರದ ಪಿಸೋಚಿನ್ ಎಂಬ ಊರು ತಲುಪಿದ. ಈಗಲೂ ಪಟಾಕಿ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಾನೆ.

ಬೆಂಗಳೂರಿಗೆ ಕಛೇರಿ ಕೊಡಲು ಬರಲಿದ್ದ ಪಿಯಾನೋ ಕಲಾವಿದರು ಆ ಯುದ್ಧದ ಪರವಾಗಿ ಬಹಿರಂಗವಾಗಿ ಮಾತಾಡಿದವರು. ಹುಡುಗಿ ರಷ್ಯಾದ ಸಂಗೀತ ರಚನೆಕಾರ ರಾಖ್ಮನಿನೋಫ್‌ನ ಎರಡನೇ ಕಾನ್ಸರ್ಟೋಗೆ, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಪಿಯಾನೋ ಕೃತಿಗೆ, ಮನಸೋತದ್ದು ಅವರ ರೆಕಾರ್ಡಿಂಗ್ ಕೇಳಿಯೇ. 1897ರಲ್ಲಿ ತನ್ನ ಮೊದಲ ಸಿಂಫನಿ (ವಾದ್ಯವೃಂದದ ದೊಡ್ಡ ಕೃತಿ) ಸೋತು ಕುಗ್ಗಿಹೋಗಿದ್ದ ರಾಖ್ಮನಿನೋಫ್, ಈ ಕಾನ್ಸರ್ಟೋವನ್ನು ತನ್ನ ಮನಸ್ಸಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ನಿಕೊಲಾಯ್ ಡಾಲ್‌ಗೆ ಅರ್ಪಿಸಿದ. ನನ್ನಂಥ ಕೆಲಸದವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ.

"ಕಲೆ ಬೇರೆ, ಮನುಷ್ಯ ಬೇರೆ ಅಲ್ವಾ ಮೇಡಂ?" ಅಂದಳು. ಚೆನ್ನಾಗಿ ಓದಿಕೊಂಡೇ ಬಂದಿದ್ದಳು. ನಾಜಿಗಳ ಕಾಲದಲ್ಲಿ ಜರ್ಮನಿಯಲ್ಲೇ ಉಳಿದು ನುಡಿಸಿದ ಪಿಯಾನೋ ಕಲಾವಿದ ಗೀಸೆಕಿಂಗ್ ಅವರ ಕಛೇರಿ 1949ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ರದ್ದಾಯಿತು. 1953ರಲ್ಲಿ ಅವರು ಅಲ್ಲೇ ನುಡಿಸಿದರು. "ನಾಲ್ಕೇ ವರ್ಷ!" ಅಂದಳು. ಮಾತಾಡುವಾಗ ಅವಳ ಬಲಗೈ ಬೆರಳುಗಳು ನನ್ನ ಮೇಜಿನ ಅಂಚಿನಲ್ಲಿ ಸ್ವರ ಒತ್ತುತ್ತಲೇ ಇದ್ದವು.

"ಅಣ್ಣನಿಗೆ ಏನು ಹೇಳಿದ್ದೀಯಮ್ಮ?"

ಬೆರಳು ನಿಂತವು.

"ಗೆಳತಿ ಮನೆ ಗೃಹಪ್ರವೇಶ ಅಂತ."

ಹಿಂದೊಮ್ಮೆ ನಿಜ ಹೇಳಿಯೂ ನೋಡಿದ್ದಳಂತೆ. "ನಾನು ಹೋಗ್ಲಾ ಅಣ್ಣ?" ಅಂದಿದ್ದಕ್ಕೆ ಅವನು "ಹೋಗು, ನಂಗೇನು" ಎಂದು ಎದ್ದು ಹೋಗಿದ್ದ. ಅದನ್ನೇ ಒಪ್ಪಿಗೆ ಎಂದುಕೊಂಡು ಟಿಕೆಟ್ ತೆಗೆದಿದ್ದಳು. ಆದರೂ ಸುಳ್ಳು ಬೇಕಾಗಿತ್ತು.

ಹೋಗಬೇಕೋ ಬೇಡವೋ ನಾನು ಹೇಳಲಿಲ್ಲ. ಮೂರು ಮಾತು ಮಾತ್ರ ಖಡಾಖಂಡಿತವಾಗಿ ಹೇಳಿದೆ. ಅಣ್ಣನನ್ನು ಅಪ್ಪಣೆ ಕೇಳಬೇಡ. ನೋವುಂಡವನ ಕೈಗೆ ನಿನ್ನ ಆಸೆಯನ್ನು ಕೊಟ್ಟು, ಬೇಡ ಅನ್ನುವ ಕೆಲಸವನ್ನೂ ಅವನಿಗೇ ಹೊರಿಸಿದ ಹಾಗಾಗುತ್ತದೆ. ಹೋಗುವುದಾದರೆ ನೀನೇ ನಿರ್ಧರಿಸು, ಮೊದಲೇ ಅವನಿಗೆ ತಿಳಿಸು, ಅವನು ಎರಡು ದಿನ ಮಾತು ಬಿಟ್ಟರೆ ತಡೆದುಕೋ. ಹೋಗದಿದ್ದರೆ "ನಿನಗೋಸ್ಕರ ಬಿಟ್ಟೆ" ಅಂತ ಯಾವತ್ತೂ ಅನ್ನಬೇಡ. ಆ ಸಾಲ ತೀರಿಸುವುದು ಅವನಿಂದ ಆಗದು.

ಕಛೇರಿ ತಪ್ಪಿದರೆ ಸಂಗೀತವೇ ತಪ್ಪಿತು ಎಂಬ ಸಂಕಟ ಅವಳಿಗೆ. ಅದಕ್ಕೆ ಯಹೂದಿ ಪಿಯಾನೋ ಕಲಾವಿದ ಆರ್ಥರ್ ರೂಬಿನ್‌ಸ್ಟೈನ್ ಅವರ ವಿಷಯ ಹೇಳಿದೆ. ಮೊದಲ ಮಹಾಯುದ್ಧ ಶುರುವಾದ 1914ರ ನಂತರ ಅವರು ಜರ್ಮನಿಯಲ್ಲಿ ಮತ್ತೆ ನುಡಿಸಲೇ ಇಲ್ಲ. ಮುಂದೆ ನಾಜಿಗಳು ಅವರ ಬಂಧುಗಳನ್ನೂ ಕೊಂದರು. ಆದರೆ ಜರ್ಮನ್ ರಚನೆಕಾರರಾದ ಬ್ರಾಮ್ಸ್, ಶೂಮನ್ ಕೃತಿಗಳು ರೂಬಿನ್‌ಸ್ಟೈನ್ ಬೆರಳು ಬಿಟ್ಟು ಹೋಗಲಿಲ್ಲ. ಅವಳು ತುಂಬಾ ಹೊತ್ತು ಸುಮ್ನೆ ಕೂತಿದ್ದಳು.

ಮಾತಾಡಲು ಊಟದ ಹೊತ್ತು ಬೇಡ, ಅಮಾನಿಕೆರೆ ಸುತ್ತ ನಡೆಯುತ್ತಾ ಹೇಳು ಅಂದೆ. ಪಕ್ಕಪಕ್ಕ ನಡೆಯುವಾಗ ಕಣ್ಣು ತಪ್ಪಿಸುವ ಪ್ರಶ್ನೆಯೇ ಇಲ್ಲ. ಅಣ್ಣನಿಗೂ ಸಹಾಯ ಬೇಕಿತ್ತು. ನಿದ್ದೆ ಬಾರದಿರುವುದು, ಸದ್ದಿಗೆ ಬೆಚ್ಚುವುದು ಇಷ್ಟು ವರ್ಷವಾದರೂ ಹೋಗಿಲ್ಲವೆಂದರೆ ಮನೋವೈದ್ಯರನ್ನು ಕಾಣಲೇಬೇಕು. ಬರಲು ಹಿಂಜರಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ ಮಾತಾಡಲಿ ಎಂದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೂರು ವಾರ ಬಿಟ್ಟು ಬಂದಳು. ಕಛೇರಿಗೆ ಹೋಗಿರಲಿಲ್ಲ. ಗೃಹಪ್ರವೇಶದ ಸುಳ್ಳನ್ನು ಕೆರೆ ಏರಿ ಮೇಲೆ ಒಪ್ಪಿಕೊಂಡಳಂತೆ. ಅಣ್ಣನಿಗೆ ಕಲಾವಿದರಿಗಿಂತ ಆ ಸುಳ್ಳಿನ ಮೇಲೇ ಸಿಟ್ಟು ಬಂತಂತೆ. ಕಛೇರಿ ಇದ್ದ ದಿನ ಸಂಜೆ ಹೆಡ್‌ಫೋನ್ ತೆಗೆದಿಟ್ಟು, ಕಾನ್ಸರ್ಟೋ ಶುರುವಾಗುವ ಆ ಭಾರದ ಸ್ವರಗುಚ್ಛಗಳನ್ನು ಮೊದಲ ಸಲ ಮನೆಗೆಲ್ಲ ಕೇಳುವಂತೆ ನುಡಿಸಿದಳು.

"ಆ ಕೆಳಗಿನ ಸ್ವರಗಳ ಸದ್ದು ಸ್ವಲ್ಪ ಕಮ್ಮಿ ಮಾಡು," ಅಂದನಂತೆ ಅಣ್ಣ, ಬಾಗಿಲಲ್ಲಿ ನಿಂತು. ಕಮ್ಮಿ ಮಾಡಿದಳು. ಅವನು ಅಲ್ಲೇ ಕೂತುಕೊಂಡ.